ಹಳದಿ ಕಾರಿನ ಕರಿ ದಡಿ

ಕಂಡದ್ದಕ್ಕೆಲ್ಲ ಎಣ್ಣೆ ಹಚ್ಚುವುದು ನಮ್ಮ ಮನೆತನದ ಚಟ. ಕೆಲವರಿಗೆ ಹಿರಿಯರಿಂದ ಮೂಗು ಬರುತ್ತದೆ, ಕೆಲವರಿಗೆ ಸಿಟ್ಟು ಬರುತ್ತದೆ, ನನಗೆ ಇದು ಬಂತು. ನಮ್ಮಪ್ಪ ನೊಗಕ್ಕೆ, ಬಂಡಿಯ ಅಚ್ಚಿಗೆ, ಬಾವಿಯ ಗಡಗಡಿಗೆ, ಬಾಗಿಲಿಗೆ, ಚಪ್ಪಲಿಗೆ, ಎತ್ತಿನ ಕೊಂಬಿಗೆ ಒಂದೇ ಬಟ್ಟಲಿನ ಕುಸುಬಿ ಎಣ್ಣೆ ಹಚ್ಚುತ್ತಿದ್ದ. ಉಳಿದದ್ದನ್ನು ನಮ್ಮ ತಲೆಗೆ ಬಳಿಯುತ್ತಿದ್ದ. ಎಣ್ಣೆ ಕಾಣದ ವಸ್ತು ಮುನಿಸಿಕೊಳ್ಳುತ್ತದೆ ಎಂಬುದು ಅವನ ನಂಬಿಕೆ. ಬಾಗಿಲು ಕಿರ್ರೆಂದರೆ ಅದು ನಮ್ಮ ಮೇಲೆ ದೂರು ಹೇಳುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು.

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋದ ದಿನ ತಲೆಯಿಂದ ಇಳಿದ ಎಣ್ಣೆ ಟೋಪಿ ದಾಟಿ, ಅಂಗಿ ದಾಟಿ, ಜೇಬಿನಲ್ಲಿದ್ದ ಹಾಲ್ ಟಿಕೆಟ್ಟಿಗೆ ಇಳಿದಿತ್ತು. ಮೇಲ್ವಿಚಾರಕರು ಅದನ್ನು ಬೆಳಕಿಗೆ ಹಿಡಿದರು. ಆಚೆ ಬದಿಯ ಕಿಟಕಿ ಅದರೊಳಗಿಂದ ಕಂಡಿತು. "ಏನಪಾ, ಭಜಿ ಕಟ್ಟಿಕೊಂಡು ಬಂದಿಯೇನು ಇದರಾಗ?" ಎಂದು ಕೇಳಿದರು. ಆ ವರ್ಷ ನಾನು ಪಾಸಾದೆ. ಪಾಸಾದದ್ದಕ್ಕೂ ಅಪ್ಪ ಎಣ್ಣೆಯನ್ನೇ ಕಾರಣ ಮಾಡಿದ.

ಆಮೇಲೆ ಓದಲಿಲ್ಲ. ಚಟ ಮಾತ್ರ ಮುಂದುವರಿಯಿತು. ಹೆಂಡತಿ ಗಂಗವ್ವನ ಕನ್ನಡಕದ ಕಡ್ಡಿ ಬಿಗಿಯಾಗಿದೆ ಎಂದು ಒಮ್ಮೆ ಎರಡು ಹನಿ ಬಿಟ್ಟೆ. ಅವಳು ಮೂರು ದಿನ ಜಗತ್ತೆಲ್ಲ ಮಂಜು ಎಂದುಕೊಂಡು, ಕಣ್ಣಿಗೆ ಪೊರೆ ಬಂತೆಂದು ಅತ್ತಳು. ನಾಲ್ಕನೆಯ ದಿನ ಸೀರೆಯ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಅಂದು ಆಕೆ ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ಇದನ್ನೆಲ್ಲ ತಮಾಷೆಯಾಗಿ ಹೇಳಿಕೊಂಡೇ ಎಪ್ಪತ್ತೆರಡು ವರ್ಷ ದಾಟಿದೆ. ಆದರೆ ಎಣ್ಣೆಯ ಒಂದು ಕತೆಯನ್ನು ಮಾತ್ರ ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಅದನ್ನು ಹೇಳಲಿಕ್ಕೇ ಈಗ ಕುಳಿತಿದ್ದೇನೆ. ಸುತ್ತು ಬಳಸಿ ಬರುತ್ತಿದ್ದೇನೆಂದರೆ, ನೆಟ್ಟಗೆ ಬರಲು ನಾಚಿಕೆ ಎಂದೇ ತಿಳಿಯಿರಿ.

ಬೈಲಹೊಂಗಲದ ಬಜಾರದಲ್ಲಿ ನನ್ನದೊಂದು ಅಂಗಡಿಯಿದೆ. ಮೊದಲು ಅದು ಎತ್ತುಗಳ ಅಂಗಡಿ. ಎತ್ತನ್ನು ಮಾರುತ್ತಿರಲಿಲ್ಲ, ಎತ್ತಿಗೆ ಬೇಕಾದ ಹಗ್ಗ, ಬಾರುಕೋಲು, ಗೆಜ್ಜೆಸರ, ಗೊಂಡೆ, ಹಣೆಪಟ್ಟಿ, ಕೊಂಬಿನ ಬಣ್ಣ ಇವನ್ನು ಮಾರುತ್ತಿದ್ದೆ. ಎತ್ತು ಕಡಿಮೆಯಾಗಿ ಟ್ರ್ಯಾಕ್ಟರು ಬಂದಾಗ ಅಂಗಡಿ ಮುಚ್ಚುವ ಕಾಲ ಬಂತೆಂದು ಅಂಜಿದ್ದೆ. ನಮ್ಮ ರೈತರು ನನ್ನನ್ನು ಉಳಿಸಿದರು. ಟ್ರ್ಯಾಕ್ಟರಿಗೂ ಗೊಂಡೆ ಕಟ್ಟಿದರು, ಹಣೆಪಟ್ಟಿ ಕಟ್ಟಿದರು, ಕೆಲವರು ಗೆಜ್ಜೆಯನ್ನೂ ಕಟ್ಟಿದರು. ಆಮೇಲೆ ಕಾರುಗಳು ಹೆಚ್ಚಾದವು. ಕಪಾಟಿನಲ್ಲಿ ಗೆಜ್ಜೆಸರದ ಪಕ್ಕ ಪಾಲಿಶ್ ಬಾಟಲಿ, ಸ್ಪಂಜು, ಮೆತ್ತನ್ನ ಬಟ್ಟೆ ಬಂದು ಕುಳಿತವು. ಎತ್ತನ್ನು ಸಿಂಗರಿಸುವವನು ಕಾರನ್ನು ಸಿಂಗರಿಸಲಾರನೇ ಎಂಬ ಧೈರ್ಯ ನನಗೆ. ಆ ಧೈರ್ಯವೇ ಕೆಡಿಸಿತು.

ಅಂಗಡಿಯ ಎದುರಿಗೇ ಹಲ್ಲಿನ ಡಾಕ್ಟರು ಶಕುಂತಲಾಬಾಯಿಯವರ ದವಾಖಾನೆ. ಊರೆಲ್ಲ ಅವರನ್ನು ಬಾಯಾರು ಎನ್ನುತ್ತದೆ. ಐವತ್ತೈದರ ಆಸುಪಾಸಿನ, ಮಾತು ಕಡಿಮೆಯ ಹೆಣ್ಣುಮಗಳು. ಎರಡು ವರ್ಷದ ಹಿಂದೆ ಅವರು ಕೊಲ್ಲಾಪುರದಿಂದ ಹಳೆಯದೊಂದು ಸ್ಪೋರ್ಟ್ಸ್ ಕಾರು ತಂದರು. ಕುಸುಬಿ ಹೂವಿನಂಥ ಹಳದಿ ಬಣ್ಣ, ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಹೊಟ್ಟೆ ಹಚ್ಚಿ ಹೋಗುವ ಉಡದ ಹಾಗೆ ಅದರ ನಡಿಗೆ. ನಮ್ಮ ರಸ್ತೆಗಳ ಉಬ್ಬಿನ ಮುಂದೆ ಅದು ನಿಂತು, ಓರೆಯಾಗಿ, ಒಂದೊಂದೇ ಗಾಲಿ ಇಟ್ಟು ದಾಟುತ್ತಿತ್ತು.

"ಬಾಯಾರ, ಈ ಗಾಡಿ ಯಾಕ ತಂದ್ರಿ? ನಮ್ಮ ರಸ್ತಾಕ್ಕ ಇದು ಹೊಂದೂದಿಲ್ಲಲ್ಲರಿ" ಎಂದು ನಾನು ಕೇಳಿದ್ದೆ.

"ಮೂವತ್ತು ವರ್ಷ ಮಂದಿ ಬಾಯಾಗ ನೋಡಿದ್ದಾತ್ರಿ, ಗುರುಸಿದ್ದಪ್ಪಾರ. ಇನ್ನ ಸ್ವಲ್ಪ ರಸ್ತಾ ನೋಡತೇನಿ" ಎಂದರು.

ಕಾರನ್ನು ಅವರು ನನ್ನ ಅಂಗಡಿಯ ಬದಿಯ ಬೇವಿನ ನೆರಳಿಗೆ ನಿಲ್ಲಿಸುತ್ತಿದ್ದರು. ಗಿರಾಕಿ ಇಲ್ಲದಾಗ ನನಗೆ ಅದನ್ನು ನೋಡುವುದೇ ಕೆಲಸ. ನೋಡುತ್ತ ನೋಡುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಾರಿಗೂ ಸೀರೆಯ ಹಾಗೆ ದಡಿ ಇದೆ! ಕಿಟಕಿಯ ಗಾಜಿನ ಸುತ್ತ ಕರಿ ರಬ್ಬರು, ಗಾಲಿಯ ಮೇಲೆ ಕಮಾನಿನ ಹಾಗೆ ಕರಿ ಪ್ಲಾಸ್ಟಿಕ್ಕು, ಬಾಗಿಲ ಕೆಳಗೆ ಉದ್ದಕ್ಕೆ ಒಂದು ಕರಿ ಪಟ್ಟಿ, ಕನ್ನಡಿಯ ಬುಡದಲ್ಲಿ, ಬಂಪರಿನ ಅಂಚಿನಲ್ಲಿ ಮತ್ತೆ ಕರಿ. ಹಳದಿ ಹಳದಿಯಾಗಿ ಕಾಣುವುದು ಆ ಕರಿಯಿಂದಲೇ. ದಡಿ ಮಾಸಿದ ಇಳಕಲ್ ಸೀರೆಯನ್ನು ಉಟ್ಟವರು ಮುಖ ತೊಳೆದರೂ ತೊಳೆಯದವರ ಹಾಗೆ ಕಾಣುತ್ತಾರಲ್ಲ, ಹಾಗೆಯೇ ದಡಿ ಬೆಳ್ಳಗಾದ ಕಾರು ಎಷ್ಟು ತೊಳೆದರೂ ದಣಿದಂತೆ ಕಾಣುತ್ತದೆ.

ಇನ್ನೊಂದು ಸೋಜಿಗ. ಅದೇ ಬಿಸಿಲು ನಮ್ಮನ್ನು ಕರ್ರಗೆ ಮಾಡುತ್ತದೆ, ಕರಿ ಪ್ಲಾಸ್ಟಿಕ್ಕನ್ನು ಬೆಳ್ಳಗೆ ಮಾಡುತ್ತದೆ. ಯಾಕೆ ಹೀಗೆ? ಈ ಪ್ರಶ್ನೆಯನ್ನು ನಾನು ಹಲವರಿಗೆ ಕೇಳಿದೆ. ಸಾಲಿ ಮಾಸ್ತರರೊಬ್ಬರು ಅರ್ಧ ತಾಸು ವಿವರಿಸಿದರು. ಮುಗಿದ ಮೇಲೆ ಇಬ್ಬರಿಗೂ ಪ್ರಶ್ನೆ ಏನಿತ್ತೆಂಬುದು ಮರೆತಿತ್ತು. ಸರಿಯಾದ ಉತ್ತರ ಕೊಟ್ಟವನು ಮಕ್ತುಮ: "ಅದರೊಳಗಿನ ಜೀವಾ ಬಿಸಲಿಗೆ ಒಣಗತೈತಿ. ಒಣಗಿದ್ದು ಬೆಳ್ಳಗs ಕಾಣಬೇಕಲ್ಲ, ಹೊಲಾ ನೋಡಿಲ್ಲೇನು?"

ಮಕ್ತುಮಸಾಬ ನನ್ನ ಬಾಲ್ಯದ ಗೆಳೆಯ. ಇಬ್ಬರೂ ಸಂಪಗಾಂವದವರು. ನಾನು ಬೈಲಹೊಂಗಲಕ್ಕೆ ಬಂದೆ, ಅವನು ಅಲ್ಲೇ ಉಳಿದ. ಮೊದಲು ಬಂಡಿಗಳಿಗೆ ಬಣ್ಣ ಹೊಡೆದ, ಆಮೇಲೆ ಲಾರಿಗಳಿಗೆ, ಆಮೇಲೆ ಕಾರುಗಳಿಗೆ. ಈಗ ವಯಸ್ಸಾದ ಮೇಲೆ ಬಣ್ಣದ ವಾಸನೆ ಎದೆಗೆ ಹಿಡಿಯುತ್ತದೆಂದು ಅದನ್ನು ಕಡಿಮೆ ಮಾಡಿ, ನಾಲ್ಕಾರು ಮನೆಗಳ ಕಾರು ತೊಳೆದು ಕಾಪಾಡುವ ಕೆಲಸ ಹಿಡಿದಿದ್ದ. ಬಾಯಾರ ಹಳದಿ ಕಾರು ಅವನ ಪಟ್ಟದ ಎತ್ತು. ರವಿವಾರ ಬೆಳಿಗ್ಗೆ ಬಂದನೆಂದರೆ ಮಧ್ಯಾಹ್ನದ ತನಕ ಅದರ ಸೇವೆ.

ಅವನು ಕೆಲಸ ಮಾಡುವುದನ್ನು ನೋಡಬೇಕು. ಗಾಡಿ ನೆರಳಲ್ಲಿ ನಿಂತು ಮೈ ತಣ್ಣಗಾಗುವ ತನಕ ಮುಟ್ಟುತ್ತಿರಲಿಲ್ಲ. ಮೊದಲು ಬರೀ ನೀರು ಬಿಟ್ಟು ಮಣ್ಣಿನ ಹರಳು ಇಳಿಸುವುದು. ಆಮೇಲೆ ತೆಳ್ಳಗಿನ ಸಾಬೂನು ನೀರು, ಮೆತ್ತನ್ನ ಬ್ರಶ್ಶು. ಆ ಬ್ರಶ್ಶುಗಳನ್ನು ಬಾಯಾರೇ ದವಾಖಾನೆಯಿಂದ ಕೊಡುತ್ತಿದ್ದರು, ಹಲ್ಲಿಗೆ ಹೇಳುವ ಮಾತನ್ನೇ ಹೇಳಿ: "ಒತ್ತಿ ತಿಕ್ಕಬ್ಯಾಡ್ರಿ." ಕರಿ ಪಟ್ಟಿಯ ಮೈಮೇಲೆ ಕಣ್ಣಿಗೆ ಕಾಣದಂಥ ಸಣ್ಣ ಗೆರೆಗಳಿರುತ್ತವೆ, ಅವು ಹೋದ ದಿಕ್ಕಿಗೇ ಬ್ರಶ್ಶು ಹೋಗಬೇಕು. ಪೂರ್ತಿ ಒಣಗಿದ ಮೇಲೆ ಪಟ್ಟಿಯ ಪಕ್ಕದ ಹಳದಿಗೆ ಕಾಗದದ ಟೇಪು ಅಂಟಿಸಿ, ಕರಿ ಮಾಸದಂತೆ ಕಾಯುವ ಔಷಧವನ್ನು ಸ್ಪಂಜಿಗೆ ಹಾಕಿ (ಗಾಡಿಗಲ್ಲ), ತೆಳ್ಳಗೆ ಸವರುವುದು. ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಿಂದ ಒರೆಸುವುದು.

"ಹಚ್ಚಿದ್ದನ್ನs ಮತ್ತ ಒರಸ್ತೀಯಲ್ಲೋ" ಎಂದು ನಾನು ನಕ್ಕಿದ್ದೆ.

"ಹಚ್ಚೂದು ಯಾರಿಗೂ ಬರತೈತಿ ಗುರ್ಸಿದ್ದ. ಒರಸೂದು ಬರಬೇಕು. ಅದರ ಮೈಗೆ ಬೇಕಾಗಿದ್ದಷ್ಟು ಅದು ಕುಡದಿರತೈತಿ. ಉಳಿದದ್ದು ಧೂಳಿನ ಮನಿ."

ಇಲ್ಲಿಯ ತನಕ ಎಲ್ಲ ಚಂದ. ಒಂದು ರವಿವಾರ ಬಾಯಾರು ನನ್ನ ಕಪಾಟಿನಿಂದ ಒಂದು ಪಾಲಿಶ್ ಬಾಟಲಿ ತೆಗೆದು ಮಕ್ತುಮನಿಗೆ ತೋರಿಸಿದರು. ಅವನು ಮುಚ್ಚಳ ತೆಗೆದು, ಒಂದು ಹನಿ ಬೆರಳಿಗೆ ಹಾಕಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿ, "ಇದು ಬ್ಯಾಡ್ರಿ ಬಾಯಾರ. ಬರೇ ಎಣ್ಣಿ ಐತಿ. ಬೆಳಗಾವ್ಯಾಗ ನೀರಿನಂಥಾದ್ದು ಸಿಗತೈತಿ, ಅದನ್ನ ತರಸ್ರಿ" ಎಂದ. ಇಬ್ಬರು ಗಿರಾಕಿಗಳ ಮುಂದೆ ಹೇಳಿದ. ಅವರೂ ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ಕಪಾಟಿಗೆ ಇಟ್ಟರು.

ಅವನು ಹೇಳಿದ್ದು ಖರೆ. ಖರೆ ಇದ್ದದ್ದಕ್ಕೇ ಹೆಚ್ಚು ಚುಚ್ಚಿತು. ಎಣ್ಣೆ ಎಂದರೆ ಕೆಟ್ಟದ್ದು ಎಂಬಂತೆ ಆಡಿದನಲ್ಲ, ನಮ್ಮಪ್ಪನಿಗೇ ಬೈದ ಹಾಗಾಯಿತು ನನಗೆ.

ಶಿವರಾತ್ರಿ ಮುಗಿದು ಬಿಸಿಲು ಏರುತ್ತಿತ್ತು. ಮಕ್ತುಮನ ಮಗಳು ರಾಮದುರ್ಗದಲ್ಲಿ ಹಡೆದಿದ್ದಳು. ಮೊಮ್ಮಗಳನ್ನು ನೋಡಲು ಹದಿನೈದು ದಿನಕ್ಕೆ ಹೊರಡುವ ಮುನ್ನ ಅವನು ಶುಕ್ರವಾರವೇ ಬಂದು ಕಾರು ತೊಳೆದು, ದಡಿಗೆ ತನ್ನ ನೀರಿನಂಥ ಔಷಧ ಸವರಿ, ಒರೆಸಿ, ನನ್ನ ಅಂಗಡಿಯಲ್ಲಿ ಚಹಾ ಕುಡಿದು ಹೋದ. ರವಿವಾರ ಬಾಯಾರು ಕಿತ್ತೂರಿಗೆ ಹೋಗುವವರಿದ್ದರು. ಕೋಟೆಯ ಹತ್ತಿರ ಅವರ ಸಾಲಿಯ ಗೆಳತಿಯರೆಲ್ಲ ಕೂಡುತ್ತಿದ್ದರು, "ಹಳದಿ ಗಾಡಿ ತೊಗೊಂಡs ಬಾ" ಎಂದು ಹಟ ಹಿಡಿದಿದ್ದರು.

ಶನಿವಾರ ಮಧ್ಯಾಹ್ನ ಬಜಾರವೆಲ್ಲ ತೂಕಡಿಸುತ್ತಿತ್ತು. ನಾನು ಕಾರಿನ ಮುಂದೆ ನಿಂತೆ. ದಡಿ ಚೊಕ್ಕಟವಾಗಿತ್ತು, ಆದರೆ ಹೊಳೆಯುತ್ತಿರಲಿಲ್ಲ. ಮಂದವಾದ ಕರಿ. ಎಮ್ಮೆಯ ಮೈಯ ಕರಿಗೂ ಎಣ್ಣೆ ಹಚ್ಚಿದ ಕೊಂಬಿನ ಕರಿಗೂ ಎಷ್ಟು ಅಂತರವಿದೆ! ಕೊಂಬಿಗೆ ಮಾಡುವುದನ್ನೇ ಇದಕ್ಕೆ ಮಾಡಿದರೆ ಏನಾದೀತು ಎಂಬ ಪ್ರಶ್ನೆ ಹುಟ್ಟಿತು. ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಅರ್ಧ ಪ್ರಶ್ನೆ ಕುತೂಹಲದ್ದು, ಅರ್ಧ ಹೊಟ್ಟೆಕಿಚ್ಚಿನದು.

ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಯ ಮುಂಚೆ ಕೊಂಬನ್ನು ಸಿಂಗರಿಸುವ ಪದ್ಧತಿ ಹೀಗೆ: ಮೊದಲು ಗಾಜಿನ ಚೂರಿನಿಂದ ಹೆರೆದು ಒರಟು ತೆಗೆಯಬೇಕು. ಆಮೇಲೆ ದೀಪದ ಮಸಿಯನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ, ಅಂಗೈಯಿಂದ ತಿಕ್ಕಿ ಕುಡಿಸಬೇಕು. ಎತ್ತು ತಲೆ ಅಲ್ಲಾಡಿಸಿದರೆ ಕೊಂಬು ಮಿಂಚಬೇಕು. ಈ ಕೆಲಸದಲ್ಲಿ ನನ್ನ ಕೈಯನ್ನು ಸಂಪಗಾಂವದಿಂದ ಸಿರಸಂಗಿಯವರೆಗೆ ಹೊಗಳಿದವರಿದ್ದಾರೆ. ಸರಿ, ಒಂದು ಗಾಜಿನ ಚೂರು ತಂದೆ. ಬಾಗಿಲ ಕೆಳಗಿನ ಪಟ್ಟಿಯನ್ನು ಹಗುರಾಗಿ ಹೆರೆದೆ. ಕೊಂಬಿನಿಂದ ಬರುವಂಥದೇ ಸಣ್ಣ ಪುಡಿ ಬಂತು. ಖುಷಿಯಾಯಿತು. ಗಾಲಿಯ ಮೇಲಿನ ಕಮಾನನ್ನೂ ಹೆರೆದೆ. ಆಮೇಲೆ ಮಸಿ ಎಣ್ಣೆ. ಗಾಜಿನ ಸುತ್ತಲಿನ ರಬ್ಬರನ್ನೂ ಕನ್ನಡಿಯ ಬುಡವನ್ನೂ ಬಿಡಲಿಲ್ಲ. ಒರೆಸಲೂ ಇಲ್ಲ. ಅದು ಮಕ್ತುಮನ ಪದ್ಧತಿ, ನಾನೇಕೆ ಒರೆಸಲಿ?

ಏನು ಹೊಳೆಯಿತೆಂದಿರಿ! ನೇರಳೆ ಹಣ್ಣಿನ ಹಾಗೆ. ಸಂಜೆ ಬಾಯಾರು ದವಾಖಾನೆಯಿಂದ ಇಳಿದು ಬಂದವರು ಹಾಗೇ ನಿಂತರು.

"ಯಪ್ಪಾ! ನಮ್ಮ ಮಕ್ತುಮ ಏನು ಮಾಡಿ ಹೋಗ್ಯಾರ್ರಿ ಇದಕ್ಕ! ನಿನ್ನೆ ನಾ ನೋಡಲೇ ಇಲ್ಲ ನೋಡ್ರಿ."

ನನ್ನ ಹೊಗಳಿಕೆ ನನ್ನ ಕಣ್ಣ ಮುಂದೆಯೇ ರಾಮದುರ್ಗದ ಕಡೆ ಹೋಯಿತು. "ನಾನು ಮಾಡಿದ್ದು" ಎಂದು ಬಾಯಿಯ ತುದಿಗೆ ಬಂದಿತ್ತು. ತಡೆದೆ. ಕಿತ್ತೂರಿನಲ್ಲಿ ಗೆಳತಿಯರೆಲ್ಲ ಹೊಗಳಲಿ, ಬಾಯಾರು ತಿರುಗಿ ಬಂದು ಇನ್ನೂ ನಾಲ್ಕು ಮಾತು ಹೆಚ್ಚಿಗೆ ಹೇಳಲಿ, ಆಮೇಲೆ ಮೆಲ್ಲಗೆ "ಅದು ಮಕ್ತುಮನದಲ್ಲರಿ" ಎಂದರಾಯಿತು ಎಂದು ಎಣಿಸಿದೆ.

ಸೋಮವಾರ ಬಾಯಾರು ಬಂದರು. ಕಾರು ಮೊದಲು ಬಂತು ಎನ್ನಬೇಕು. ಬಿಸಿಲಿಗೆ ಎಣ್ಣೆ ಕರಗಿ ಹಳದಿ ಬಾಗಿಲ ಮೇಲೆ ಕರಿ ಕಣ್ಣೀರಿನ ಹಾಗೆ ಇಳಿದಿತ್ತು. ದಾರಿಯ ಧೂಳೆಲ್ಲ ದಡಿಗೆ ಅಂಟಿ ಕಂಬಳಿಯ ಹಾಗೆ ಉಣ್ಣೆ ಬಂದಿತ್ತು. ಗಾಜು ಇಳಿಸಿ ಏರಿಸಿದಾಗ ರಬ್ಬರಿನ ಎಣ್ಣೆ ಗಾಜಿಗೆ ಬಳಿದುಕೊಂಡಿತ್ತು. ದಾರಿಯಲ್ಲಿ ಯಾರೋ ಪೆಟ್ರೋಲಿನಿಂದ ಒರೆಸಿ ಉಪಕಾರ ಮಾಡಿದ್ದರು, ಅಲ್ಲಿ ಬಿಳಿ ಕಲೆ ಎದ್ದಿತ್ತು. ಮಸಿ ಹೋದ ಕಡೆಯಲ್ಲಿ ಗಾಜಿನ ಚೂರಿನ ಗೀರುಗಳು ಬೆಕ್ಕು ಪರಚಿದ ಹಾಗೆ ಕಾಣುತ್ತಿದ್ದವು.

ಬಾಯಾರು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಒಂಬತ್ತು ಜನ ಗೆಳತಿಯರು ಕಾರಿಗೆ ಒರಗಿ ಸಾಲಾಗಿ ನಿಂತು ನಗುತ್ತಿದ್ದರು. ಎರಡನೆಯ ಫೋಟೊದಲ್ಲಿ ಅದೇ ಒಂಬತ್ತು ಜನ ಬೆನ್ನು ತಿರುಗಿಸಿ ನಿಂತಿದ್ದರು. ಒಂಬತ್ತೂ ರೇಷ್ಮೆ ಸೀರೆಗಳ ಸೊಂಟದ ಕೆಳಗೆ ಅಳೆದು ಎಳೆದ ಹಾಗೆ ಒಂದೇ ಮಟ್ಟದಲ್ಲಿ ಕರಿ ಗೆರೆ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ಮಕ್ತುಮ ಏನು ಹಚ್ಚಿದ್ರು ಇದಕ್ಕ? ನಿಮಗೇನರ ಗೊತ್ತೈತೇನ್ರಿ?" ಬಾಯಾರ ದನಿ ಏರಿರಲಿಲ್ಲ. ಅವರು ಸಿಟ್ಟಾದರೆ ದನಿ ಇಳಿಯುತ್ತದೆ.

ನನ್ನ ಬಾಯಿಂದ ಬಂದದ್ದು ಇದು: "ಊರಿಗೆ ಹೋಗೂ ಗಡಿಬಿಡಿಯಾಗ ಏನೋ ಹಚ್ಚಿರಬೇಕ್ರಿ ಬಾಯಾರ. ವಯಸ್ಸಾತಲ್ಲರಿ ಅವಗೂ."

ಮೊದಲ ಮಾತು ಸುಳ್ಳು. ಎರಡನೆಯ ಮಾತು ಯಾಕೆ ಆಡಿದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನನಗೂ ಅವನಿಗೂ ಒಂದೇ ವಯಸ್ಸು. ಆ ಎರಡನೆಯ ಮಾತೇ ಮುಂದೆ ಅವನನ್ನು ಹೆಚ್ಚು ತಿಂದಿತು.

ಮಕ್ತುಮ ರಾಮದುರ್ಗದಿಂದ ಬಂದ. ಬಾಯಾರು ಫೋನಿನಲ್ಲಿ "ಈ ರವಿವಾರ ಬ್ಯಾಡ್ರಿ" ಎಂದರು. ಮುಂದಿನ ರವಿವಾರವೂ ಹಾಗೆಯೇ ಅಂದರು. ಆಮೇಲೆ ಉಳಿದ ಮನೆಗಳವರೂ ಒಬ್ಬೊಬ್ಬರಾಗಿ ಅವನನ್ನು ಕರೆಯುವುದನ್ನು ನಿಲ್ಲಿಸಿದರು. ಅವರಲ್ಲೊಬ್ಬರು ಮುಖದ ಮೇಲೆಯೇ ಹೇಳಿದರಂತೆ: "ನೀವು ಏನೋ ಹಚ್ಚಿ ಬಾಯಾರ ಗಾಡಿ ಕೆಡಿಸಿದ್ರಂತಲ್ಲ. ಮರವು ಬಂದೈತಿ ಅಂತಾರ."

ಆ ದಿನ ಅವನು ನನ್ನ ಅಂಗಡಿಗೆ ಬಂದು ಹಗ್ಗದ ಸಿಂಬಿಯ ಮೇಲೆ ಕುಳಿತ. ಚಹಾ ತರಿಸಿದೆ. ಕುಡಿಯಲಿಲ್ಲ.

"ಗುರ್ಸಿದ್ದ, ನಿನ್ನ ಅಂಗಡಿ ಮುಂದs ಅಲ್ಲೇನು ನಾ ಕೆಲಸಾ ಮಾಡಿದ್ದು? ನೀ ನೋಡಿದೀ ಏನು, ನಾ ಏನು ಹಚ್ಚಿದೆ ಅಂತ? ನನ್ನ ನೆನಪಿನ್ಯಾಗ ಅದs ಹಳೇ ಬಾಟ್ಲಿ ಐತಿ. ಆದರ ಮಂದಿ ಬ್ಯಾರೇನೋ ಅಂತಾರ."

"ನಾ ಗಿರಾಕಿ ನೋಡಾಕತ್ತಿದ್ನೆಪಾ. ಲಕ್ಷ್ಯ ಇರಲಿಲ್ಲ" ಎಂದೆ.

ಅವನು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ಯಾರದೋ ಕೈ ನೋಡುವ ಹಾಗೆ ನೋಡಿಕೊಂಡ. ಎದ್ದು ಹೋದ. ಬಾಯಾರ ಹತ್ತಿರ ಹೋಗಿ ವಾದ ಮಾಡಲಿಲ್ಲ. ತನ್ನ ಮೇಲೆಯೇ ಅನುಮಾನ ಬಂದವನು ಯಾರ ಜೊತೆ ವಾದ ಮಾಡಿಯಾನು?

ನಾಲ್ಕು ತಿಂಗಳು ಹೀಗೆ ಹೋದವು. ಬಾಯಾರು ಕಾರನ್ನು ಹೊರಗೆ ತೆಗೆಯುವುದೇ ಕಡಿಮೆಯಾಯಿತು. ಹೇಳಬೇಕೆಂದು ಎಷ್ಟೋ ಸಲ ರಸ್ತೆಯ ಅಂಚಿನ ತನಕ ಹೋಗಿದ್ದೇನೆ. ನಡುವೆ ಟ್ರ್ಯಾಕ್ಟರ್ ಬರುತ್ತಿತ್ತು. ಟ್ರ್ಯಾಕ್ಟರ್ ಹೋದ ಮೇಲೆ ಧೈರ್ಯವೂ ಹೋಗಿರುತ್ತಿತ್ತು.

ಕಾರಹುಣ್ಣಿಮೆ ಬಂತು. ಗಿರಾಕಿಯೊಬ್ಬರು ಅಂಗಡಿಯ ಮುಂದೆಯೇ ಎತ್ತು ಕಟ್ಟಿ, "ನಿಮ್ಮ ಕೈಲೇನs ಆಗಬೇಕು" ಎಂದರು. ನಾನು ಕೊಂಬು ಹೆರೆದು ಮಸಿ ಎಣ್ಣೆ ತಿಕ್ಕುತ್ತಿದ್ದೆ. ಬಾಯಾರು ದವಾಖಾನೆಗೆ ಹೋಗುವವರು ನಿಂತು ನೋಡಿದರು.

"ಏನ್ರಿ ಅದು ಗುರುಸಿದ್ದಪ್ಪಾರ?"

"ಕೊಂಬಿಗೆ ಹಚ್ಚೂದ್ರಿ ಬಾಯಾರ."

"ಚೊಲೋ ಹೊಳಿತೈತಲ್ಲರಿ" ಎಂದು ನಕ್ಕು ಹೋದರು. ಅವರಿಗೆ ಏನೂ ಹೊಳೆಯಲಿಲ್ಲ. ನಾನು ದೊಡ್ಡದೊಂದು ಉಸಿರು ಬಿಟ್ಟೆ. ಆ ಉಸಿರು ನನ್ನ ಕಿವಿಗೇ ಕೇಳಿಸಿತು. ಸಿಕ್ಕಿಬೀಳಲಿಲ್ಲವೆಂದು ಇಷ್ಟು ಖುಷಿಪಡುವ ಮುದುಕ ಎಂಥವನು? ಕೈ ತೊಳೆದುಕೊಂಡೆ. ಮಸಿ ಎಣ್ಣೆ ಒಂದೇ ಸಲಕ್ಕೆ ಹೋಗುವುದಿಲ್ಲ. ಹಾಗೆಯೇ ಕಪ್ಪು ಕೈಯಲ್ಲಿ ರಸ್ತೆ ದಾಟಿ, ದವಾಖಾನೆಯಲ್ಲಿ ಪಾಳಿ ಹಚ್ಚಿ ಕುಳಿತೆ.

ಒಳಗೆ ಕರೆದರು. ಆ ಉದ್ದನೆಯ ಕುರ್ಚಿಯಲ್ಲಿ ಮಲಗಿಸಿ, ಮುಖಕ್ಕೆ ದೀಪ ಹಚ್ಚಿ, "ಬಾಯಿ ತೆಗೀರಿ" ಎಂದರು. ತೆಗೆದೆ. ನನ್ನ ಬಾಯಲ್ಲಿ ಉಳಿದಿರುವುದು ಎಣಿಸುವಷ್ಟೇ ಹಲ್ಲು. "ಯಾವ ಹಲ್ಲಿಗೆ ನೋವ್ರಿ?"

"ಹಲ್ಲಿಗಲ್ಲರಿ" ಎಂದು, ಮಲಗಿದಲ್ಲಿಂದಲೇ ಎಲ್ಲ ಹೇಳಿದೆ. ಗಾಜಿನ ಚೂರು, ಮಸಿ, ಎಣ್ಣೆ, ಹೊಗಳಿಕೆಗೆ ಕಾದದ್ದು, ಆಡಿದ ಎರಡು ಮಾತು, ಮಕ್ತುಮ ಕೇಳಿದಾಗ ಲಕ್ಷ್ಯ ಇರಲಿಲ್ಲ ಎಂದದ್ದು. ದೀಪ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅವರ ಮುಖ ಕಾಣುತ್ತಿರಲಿಲ್ಲ. ಅದು ಒಳ್ಳೆಯದೇ ಆಯಿತು.

ಅವರು ದೀಪವನ್ನು ಬದಿಗೆ ಸರಿಸಿದರು.

"ನಾನೂ ಒಮ್ಮೆ ಅವರನ್ನ ಕರಸಿ ಕೇಳಬೇಕಿತ್ತು. ಮೂವತ್ತು ವರ್ಷ ಊರ ಮಂದೀನೆಲ್ಲ ಬಾಯಿ ತೆಗೀರಿ ಅಂದೆ, ಅವರಿಗೆ ಒಂದು ಮಾತು ಆಡಾಕ ಬಿಡಲಿಲ್ಲ" ಎಂದರು. ಆಮೇಲೆ, "ಇದನ್ನ ನನ್ನ ಮುಂದ ಹೇಳಿದ್ರ ಏನಾತ್ರಿ? ಹೊರಗ ಕುಂದರ್ರಿ. ಇನ್ನ ನಾಕ ಮಂದಿ ಅದಾರ. ಮುಗದ ಮ್ಯಾಲ ಸಂಪಗಾಂವಕ್ಕ ಹೋಗೂಣು."

ನಾಲ್ಕು ಮಂದಿಯ ಹಲ್ಲು ಮುಗಿಯುವ ತನಕ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಗದ್ದ ಬಾತ ಅಜ್ಜಿಯೊಬ್ಬಳು ನನ್ನ ಮುಖ ನೋಡಿ, "ಭಾಳ ನೋವೇನೋ ಯಪ್ಪಾ?" ಎಂದು ತನ್ನ ಪಾಳಿಯನ್ನೇ ನನಗೆ ಕೊಡಲು ಬಂದಳು.

ಎರಡು ವರ್ಷ ದಿನವೂ ನೋಡಿದ ಆ ಕಾರಿನೊಳಗೆ ನಾನು ಕುಳಿತದ್ದು ಅಂದೇ ಮೊದಲು. ಕುಳಿತೆ ಎಂದರೆ ತಪ್ಪು, ಬಾವಿಗೆ ಇಳಿದ ಹಾಗೆ ಇಳಿದೆ. ರಸ್ತೆ ಮೂಗಿನ ಮಟ್ಟಕ್ಕೇ ಓಡಿ ಬರುತ್ತಿತ್ತು. ಹಾದಿಯಲ್ಲಿ ಹೋಗುವ ಎತ್ತುಗಳ ಬಣ್ಣದ ಕೊಂಬುಗಳು ಎಷ್ಟೋ ಎತ್ತರದಲ್ಲಿ ಕಾಣುತ್ತಿದ್ದವು. ಕನ್ನಡಿಯ ಬುಡದ ಕಲೆ ಊರು ಬರುವ ತನಕ ನನ್ನನ್ನು ನೋಡುತ್ತಿತ್ತು.

ಮಕ್ತುಮ ಮನೆಯ ಮುಂದಿನ ತಗಡಿನ ನೆರಳಲ್ಲಿ ಕುಳಿತು ಟ್ರ್ಯಾಕ್ಟರಿನ ಹಲಗೆಗೆ ನಂಬರ್ ಬರೆಯುತ್ತಿದ್ದ. ಹಳದಿ ಕಾರನ್ನು ಕಂಡು ಎದ್ದು ನಿಂತ, ಅಪರಾಧ ಮಾಡಿದವನ ಹಾಗೆ. ಅದನ್ನು ನೋಡಲಾಗದೆ ನಾನು ಇನ್ನೂ ಕಾರಿನಿಂದ ಪೂರ್ತಿ ಏಳದೆಯೇ ಹೇಳಲು ಸುರು ಮಾಡಿದೆ. ಒಂದು ಕಾಲು ಒಳಗೆ, ಒಂದು ಹೊರಗೆ. ಮೊಳಕಾಲು ಹಿಡಿದುಕೊಂಡಿತ್ತು. ಹೇಳಿ ಮುಗಿಸಿದೆ.

ಅವನ ಹೆಂಡತಿ ಬೀಬಿಜಾನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳೇ ಮೊದಲು ಮಾತಾಡಿದಳು.

"ಅಣ್ಣಾರ, ನಾಕ ತಿಂಗಳದಿಂದ ಇವರು ನನಗ ದಿನಾ ಕೇಳ್ಯಾರ್ರಿ: 'ಬೀಬಿ, ನನಗ ಮರವು ಬಂದೈತೇನ? ನಿನ್ನೆ ನಾ ಏನ್ ಉಂಡೆ ಕೇಳು, ಹೇಳತೇನಿ.' ಮಗಳು ಬಂದಾಗ ಮೊಮ್ಮಗಳನ್ನ ಎತ್ತಿಕೊಳ್ಳಾಕ ಅಂಜ್ಯಾರ್ರಿ, ಎಲ್ಲೆರ ಇಟ್ಟು ಮರತೇನಿ ಅಂತ. ನೀವು ಗಾಡೀಗೆ ಏನರ ಹಚ್ರಿ. ಇವರಿಗೆ ಇದನ್ನ ಯಾಕ ಹಚ್ಚಿದ್ರಿ?"

ಮಕ್ತುಮ ಬ್ರಶ್ಶನ್ನು ಡಬ್ಬಿಯಲ್ಲಿ ಇಟ್ಟ. ನನ್ನ ಕಡೆ ತಿರುಗಲಿಲ್ಲ. ಹೆಂಡತಿಯ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟು ಕಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಕಂಡದ್ದು ಸಿಟ್ಟಲ್ಲ.

"ಕೇಳಿದೇನ?" ಎಂದ. "ನನಗ ಮರವು ಬಂದಿಲ್ಲ. ಅದs ಬಾಟ್ಲಿ. ನಾ ಅಂದಿರಲಿಲ್ಲಾ? ಅದs ಬಾಟ್ಲಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಾಯಾರು ಕೀಲಿಕೈ ಮುಂದೆ ಹಿಡಿದು, "ತಪ್ಪು ನಂದೂ ಐತ್ರಿ ಮಕ್ತುಮನೋರ" ಎಂದರು.

ಅವನು ಕೀಲಿಕೈ ತೆಗೆದುಕೊಂಡ. ಕಾರಿನ ಸುತ್ತ ಒಂದು ಸಲ ನಡೆದ. ಬಾಗಿಲ ಕೆಳಗಿನ ಪಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗೀರುಗಳ ಮೇಲೆ ಉಗುರು ಆಡಿಸಿದ. "ಗಾಡಿ ಇಲ್ಲೇ ಬಿಟ್ಟು ಹೋಗ್ರಿ ಬಾಯಾರ. ಒಂದೆರಡು ತಿಂಗಳು ಹಿಡೀತೈತಿ. ಗಾಡಿ ನಾ ನೋಡತೇನಿ" ಎಂದವನು ಸ್ವಲ್ಪ ತಡೆದು, "ಇವನ ಮಾತು ಆಮ್ಯಾಲ" ಎಂದ.

ಬಾಯಾರೂ ನಾನೂ ಬಸ್ಸಿನಲ್ಲಿ ಊರಿಗೆ ಬಂದೆವು. ಮರುದಿನವೇ ಅವರು ಉಳಿದ ಮನೆಗಳವರಿಗೆ ಫೋನ್ ಮಾಡಿ ನಿಜ ಹೇಳಿದರು. ನಾನೂ ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಗಂಗವ್ವನಿಗೆ ಹೇಳಿದಾಗ ಅವಳು ಬೈಯಲಿಲ್ಲ. ಊಟಕ್ಕೆ ಬಡಿಸಿ ಒಳಗೆ ಹೋದಳು, ಅಷ್ಟೇ. ಕನ್ನಡಕದ ದಿನ ಬೈದದ್ದೇ ವಾಸಿಯಾಗಿತ್ತು.

ಅಂದಿನಿಂದ ರವಿವಾರ ಬೆಳಿಗ್ಗೆ ನಾನು ಸಂಪಗಾಂವಕ್ಕೆ ಹೋಗುತ್ತೇನೆ. ಮಕ್ತುಮ ಬಾ ಎನ್ನುವುದಿಲ್ಲ, ಹೋಗು ಎನ್ನುವುದಿಲ್ಲ. ತಗಡಿನ ನೆರಳಿನ ಅಂಚಿನಲ್ಲಿ ಒಂದು ಕಲ್ಲಿದೆ, ಅದರ ಮೇಲೆ ಕುಳಿತು ನೋಡುತ್ತೇನೆ. ಪ್ಲಾಸ್ಟಿಕ್ಕು ಕುಡಿದ ಎಣ್ಣೆಯನ್ನು ಹೊರಗೆ ತೆಗೆಯುವುದು ಹೇಗೆ ಎಂದು ನನಗೆ ನಿಜವಾಗಿಯೂ ಕುತೂಹಲವಿತ್ತು. ಬಿಸಿನೀರಿನ ಸಾಬೂನು, ಬ್ರಶ್ಶು, ಒರೆಸುವುದು. ಮತ್ತೆ ಸಾಬೂನು, ಮತ್ತೆ ಬ್ರಶ್ಶು. ಗೇಣಿನಷ್ಟು ಜಾಗಕ್ಕೆ ಒಂದು ಬೆಳಗು ಹೋಗುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕರಿ ಬರುತ್ತಲೇ ಇರುತ್ತದೆ. ಇನ್ನು ಮುಗಿಯಿತು ಎಂದುಕೊಂಡರೆ ಮತ್ತೆ ಬರುತ್ತದೆ. ಬಟ್ಟೆ ಬಿಳಿಯಾಗಿ ಬಂದ ಮೇಲೆಯೇ ಅವನು ಮುಂದಿನ ಗೇಣಿಗೆ ಸರಿಯುತ್ತಾನೆ. ಗೀರುಗಳು ಹೋಗುವುದಿಲ್ಲ. ದೂರದಿಂದ ಕಾಣದಷ್ಟು ಮಾಡಬಹುದು, ಹತ್ತಿರ ಬಂದವರಿಗೆ ಕಾಣುತ್ತವೆ.

ಬೀಬಿಜಾನ ಮೊದಲ ರವಿವಾರ ಒಂದೇ ಕಪ್ ಚಹಾ ತಂದಳು. ಎರಡನೆಯ ರವಿವಾರವೂ ಒಂದೇ. ಮೂರನೆಯದಕ್ಕೆ ಎರಡು ತಂದಳು, ನನ್ನದನ್ನು ನೆಲದ ಮೇಲಿಟ್ಟು ಹೋದಳು. ಮಕ್ತುಮ ಮಾತ್ರ ಒಂದು ಮಾತೂ ಆಡಲಿಲ್ಲ. ಹನ್ನೆರಡು ಗಂಟೆಗೆ ಬಸ್ಸಿದೆ, ಅದಕ್ಕೆ ನಾನು ಎದ್ದು ಬರುತ್ತಿದ್ದೆ. ನಾನು ಎದ್ದದ್ದೂ ಅವನಿಗೆ ಗೊತ್ತಾಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಮೊನ್ನೆ ಐದನೆಯ ರವಿವಾರ. ಅವನು ಗಾಲಿಯ ಮೇಲಿನ ಕಮಾನಿನಲ್ಲಿ ತಲೆ ಇಟ್ಟು ಕೆಲಸ ಮಾಡುತ್ತಿದ್ದವನು, ತಿರುಗಿ ನೋಡದೆ ಕೈಯನ್ನು ಹಿಂದೆ ಚಾಚಿದ. ಬ್ರಶ್ಶು ಬೇಕೋ ಬಟ್ಟೆ ಬೇಕೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಎರಡನ್ನೂ ಅವನ ಅಂಗೈಯಲ್ಲಿಟ್ಟೆ. ಅವನು ಬ್ರಶ್ಶು ಇಟ್ಟುಕೊಂಡು, ಬಟ್ಟೆಯನ್ನು ನನ್ನ ಎದೆಗೆ ಎಸೆದ.

"ಬಾಗಲದ ಕೆಳಗಿನ ಪಟ್ಟಿ ನಿಂದು" ಎಂದ.

ನಾನು ಮೊಳಕಾಲೂರಿ ಕುಳಿತೆ. ಕೂರಲಿಕ್ಕೇ ಹೊತ್ತು ಹಿಡಿಯಿತು. ಗೆರೆ ಹೋದ ದಿಕ್ಕಿಗೆ ಒಂದು ಸಲ ಒರೆಸಿದೆ. ಬಟ್ಟೆ ಕರ್ರಗೆ ಬಂತು. ಇನ್ನೊಂದು ಸಲ ಒರೆಸಿದೆ. ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿ, ನಾನು ರೂಢಿಯಂತೆ ಏಳಲು ಕಾರಿನ ಬಾಗಿಲು ಹಿಡಿದೆ.

ಕಮಾನಿನೊಳಗಿಂದ ಮಕ್ತುಮನ ದನಿ ಬಂತು: "ಎಲ್ಲಿ ಓಡತೀಯೋ? ಎರಡಕ್ಕ ಇನ್ನೊಂದು ಐತಿ. ಕುಂದರು."